ಒಂದು ಹನಿ, ಒಂದು ಹರಳು, ಬೆಕ್ಕಿನ ಮೀಸೆ

ಹೊರಗೆ ಬೀದಿದೀಪ ಇನ್ನೂ ಆರಿಲ್ಲ. ಪ್ರಯೋಗಾಲಯದ ತಣ್ಣನೆಯ ಕೋಣೆಯಲ್ಲಿ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದಾರೆ. ಗಾಜಿನ ಬಿಲ್ಲೆಗೆ ಅಂಟಿ ತೂಗುತ್ತಿರುವ ಹನಿಯೊಳಗೆ ಸಕ್ಕರೆ ಕಾಳಿಗಿಂತ ಚಿಕ್ಕದೊಂದು ಹರಳು. ಬೆಳಕು ತಿರುಗಿಸಿದರೆ ಅದು ನೀಲಿ, ಮತ್ತೆ ಜೇನುಬಣ್ಣ. ನಿದ್ದೆಯಲ್ಲೇ ಮಗ್ಗುಲು ಬದಲಿಸಿದ ಹಾಗೆ.

"ಎದ್ದಿದ್ದೀಯೇನೇ?" ಎಂದು ಹರಳನ್ನೇ ಕೇಳುತ್ತಾರೆ. ಇಲ್ಲಿ ಎಲ್ಲರಿಗೂ ಅವರು ಹರಳಕ್ಕ.

ನಮ್ಮ ಕಣ್ಣಿನ ಜೀವಕೋಶದಲ್ಲೂ ಕರುಳಿನ ಜೀವಕೋಶದಲ್ಲೂ ಇರುವ ವಂಶವಾಹಿಗಳು ಒಂದೇ. ಎಲ್ಲಿ ಯಾವುದು ಕೆಲಸಕ್ಕಿಳಿಯಬೇಕು, ಯಾವುದು ತೆಪ್ಪಗಿರಬೇಕು ಎಂಬುದನ್ನು ಡಿಎನ್‌ಎ ಎಳೆಯನ್ನು ತಬ್ಬಿ ಕೂರುವ ಪ್ರೋಟೀನುಗಳ ಗುಂಪುಗಳು ನಿಭಾಯಿಸುತ್ತವೆ. ಅವು ಹೇಗೆ ತಬ್ಬಿವೆ ಎಂದು ತಿಳಿಯಲು ಅವನ್ನು ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ ಚಿತ್ರ ಪಡೆಯಬೇಕು. ಹರಳು ಬೆಳೆಸಿ ಹಿಡಿಯುವುದು ಹರಳಕ್ಕನ ಕೆಲಸ. ದಿನಕ್ಕೆ ನೂರಾರು ಹನಿ ನೋಡುತ್ತಾರೆ. ಹೆಚ್ಚಿನವು ಬರಿಗೈಯಲ್ಲೇ ಕಳಿಸುತ್ತವೆ.

ಇವತ್ತಿನ ಹನಿಯಲ್ಲಿರುವ ಈ ಪ್ರೋಟೀನು ಗುಂಪಂತೂ ಎರಡು ವರ್ಷ ಕಣ್ಣಾಮುಚ್ಚಾಲೆ ಆಡಿತು. ಪುಡಿಹರಳು ಬಿಟ್ಟರೆ ಏನೂ ಹುಟ್ಟಲಿಲ್ಲ. ಕೊನೆಗೆ ಹರಳಕ್ಕ ಮನೆಯ ಬೆಕ್ಕು ಉದುರಿಸಿದ ಮೀಸೆಯೊಂದನ್ನು ತೊಳೆದು ತಂದು, ಆ ಪುಡಿಗೆ ತಾಗಿಸಿ, ಹೊಸ ಹನಿಯಲ್ಲಿ ಗೆರೆ ಎಳೆದರು. ಹಾಲಿಗೆ ಹೆಪ್ಪು ಹಾಕಿದ ಹಾಗೆ.

"ನಮ್ಮತ್ತೆ, 'ಇಷ್ಟು ಓದಿ ಬೆಕ್ಕಿನ ಹಿಂದೆ ಅಲೀತೀಯಲ್ಲೇ' ಅಂತ ಬೈತಾರೆ," ನಗುತ್ತಾರೆ. "ಆದ್ರೆ ಗುಡಿಸುವಾಗ ಮೀಸೆ ಸಿಕ್ರೆ ಬೆಂಕಿಪೊಟ್ಟಣದಲ್ಲಿ ಎತ್ತಿಡೋದೂ ಅವರೇ."

ಹುಟ್ಟಿದ್ದು ಈ ಒಂದೇ ಹರಳು. ಪ್ರೋಟೀನು ಮುಗಿದಿದೆ, ಮತ್ತೆ ತಯಾರಿಸಲು ತಿಂಗಳುಗಟ್ಟಲೆ ಬೇಕು. ತಯಾರಿಸಿದ ಸಂಶೋಧಕಿ ಬಾಗಿಲ ಬಳಿ ಉಗುರು ಕಚ್ಚುತ್ತಿದ್ದಾಳೆ.

"ಅಕ್ಕಾ, ಇನ್ನೆರಡು ದಿನ ಬಿಟ್ರೆ ದೊಡ್ಡದಾಗಲ್ವಾ?"

"ಅಂಚು ಮಂಕಾಗ್ತಿದೆ ಕಣೇ. ಆಸೆಪಟ್ರೆ ಕರಗಿಹೋಗುತ್ತೆ. ನೀನು ಅಲ್ಲಿ ನಿಂತು ನಿಟ್ಟುಸಿರು ಬಿಡ್ಬೇಡ, ಅದು ಹೆದರ್ಕೊಳ್ಳುತ್ತೆ."

ಬಿಲ್ಲೆಯನ್ನು ಬಿಡಿಸಿ ಮಗುಚುತ್ತಾರೆ. ಗಾಳಿ ಸೋಕಿದ ಹನಿ ಒಣಗತೊಡಗುತ್ತದೆ. ರೆಪ್ಪೆಗೂದಲಿಗಿಂತ ತೆಳುವಾದ ನೈಲಾನ್ ಕುಣಿಕೆ ಹನಿಯೊಳಗೆ ಇಳಿಯುತ್ತದೆ. ಹರಳು ಜಾರುತ್ತದೆ. ಮತ್ತೆ ಜಾರುತ್ತದೆ. ಕುಣಿಕೆ ಮೆಲ್ಲಗೆ ಅದರಡಿಗೆ ಸರಿದು, ತೇಲಿಬಂದ ಎಲೆಯನ್ನು ಬೊಗಸೆಗೆ ತೆಗೆದುಕೊಂಡಂತೆ ಎತ್ತಿಕೊಳ್ಳುತ್ತದೆ. ಹರಳು ಕೆಡದಂತೆ ಹಿಮಗಟ್ಟಿಸಲು ದ್ರವ ಸಾರಜನಕದಲ್ಲಿ ಅದ್ದಿದಾಗ ಬಿಳಿಯ ಹೊಗೆ ಎದ್ದು, ಹರಳಕ್ಕನ ಮುಖವೂ ಬಾಗಿಲಿಂದ ಹತ್ತಿರ ಬಂದ ಹುಡುಗಿಯ ಮುಖವೂ ಮರೆಯಾಗುತ್ತವೆ.

"ಸಿಕ್ತಾ ಅಕ್ಕಾ?"

"ಸಿಕ್ತು. ಒಂದು ಮೂಲೇನೂ ಮುಕ್ಕಾಗಿಲ್ಲ."

ಹುಡುಗಿ ಅಲ್ಲೇ ನೆಲದ ಮೇಲೆ ಕೂತು ನಗುತ್ತಾಳೆ. ಹರಳಕ್ಕ ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ಇಷ್ಟು ವರ್ಷ ಎಲ್ಲ ಹರಳನ್ನೂ ಹೊರಗಿಂದಾನೇ ನೋಡಿ ಕಳಿಸಿದೀನಿ. ಇದರೊಳಗೆ ಆ ಪ್ರೋಟೀನೆಲ್ಲ ಹೇಗೆ ಒಂದನ್ನೊಂದು ಹಿಡ್ಕೊಂಡು ಕೂತಿವೆ ಅಂತ ಚಿತ್ರ ಬಂದ ದಿನ ನನ್ನನ್ನೂ ಕರಿಯೇ. ಅತ್ತೇನೂ ಕರ್ಕೊಂಡು ಬರ್ತೀನಿ. ಮೀಸೆ ಎತ್ತಿಟ್ಟಿದ್ದು ಅವರಲ್ವಾ?"