ವ್ಯಾನಿನ ಸ್ಟೀರಿಯೋ ಸರಿ ಮಾಡಿಸಿದ ಬೇಸಿಗೆ

ಮೊಬೈಲಿಗೆ ಹಾಡು ತುಂಬಿಸಿಕೊಡಲೆಂದೇ ಅಂಗಡಿಗಳಿದ್ದ ಕಾಲ ಅದು. ಹೊಸನಗರದ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಮೆಮೊರಿ ಕಾರ್ಡು ಕೊಟ್ಟು, ಎದುರುಗಡೆ ಮಸಾಲೆ ಮಂಡಕ್ಕಿ ತಿಂದು ಬರುವುದರೊಳಗೆ ಸಿನಿಮಾ ಹಾಡು, ಭಾವಗೀತೆ, ಭಜನೆ ಎಲ್ಲ ಒಟ್ಟೊಟ್ಟಿಗೆ ತುಂಬಿರುತ್ತಿದ್ದವು. ಆದರೆ ಅವನ್ನು ಜೋರಾಗಿ ಕೇಳುವುದಕ್ಕೆ ನಮಗಿದ್ದ ಜಾಗ ಒಂದೇ, ಅಪ್ಪನ ವ್ಯಾನು.

ಅಪ್ಪ ಬಾಡಿಗೆಗೆ ವ್ಯಾನು ಓಡಿಸುತ್ತಿದ್ದರು. ಸಾಗರದ ಆಸ್ಪತ್ರೆಗೆ ಹೋಗುವವರು, ತೀರ್ಥಹಳ್ಳಿಯ ಮದುವೆಗೆ ಹೊರಟವರು, ಹೆಗ್ಗೋಡಿಗೆ ನಾಟಕ ನೋಡಲು ಹೋಗುವ ಮೇಷ್ಟ್ರುಗಳು ಎಲ್ಲರೂ ಅದರಲ್ಲಿ ಕೂತವರೇ. ಹಾಗಾಗಿ ಅದರೊಳಗೆ ಪೆಟ್ರೋಲು, ಮಲ್ಲಿಗೆ, ಹಲಸಿನ ಹಣ್ಣು ಎಲ್ಲ ಸೇರಿದ ಒಂದು ವಾಸನೆ ಯಾವಾಗಲೂ ಇರುತ್ತಿತ್ತು. ಅದರಲ್ಲಿದ್ದದ್ದು ಹಳೆಯ ಕ್ಯಾಸೆಟ್ ಸೆಟ್ಟು. ಮೊಬೈಲಿನ ಹಾಡು ಅದರಲ್ಲಿ ಬರಲೆಂದು ಅಪ್ಪ ಒಂದು ಸಾಮಾನು ತಂದಿದ್ದರು. ನೋಡಲು ಕ್ಯಾಸೆಟ್ಟಿನ ಹಾಗೇ, ಆದರೆ ಬಾಲದಂತೆ ಒಂದು ವೈರು. ಕ್ಯಾಸೆಟ್ಟನ್ನು ಸೆಟ್ಟಿನೊಳಗೆ ತುರುಕಿ ವೈರನ್ನು ಮೊಬೈಲಿಗೆ ಚುಚ್ಚಿದರೆ ಹಾಡು ಬರುತ್ತಿತ್ತು. ಹಾಡಿನ ಜೊತೆಗೆ ‘ಕುಂಯ್’ ಎಂಬ ಸದ್ದೂ ಬರುತ್ತಿತ್ತು. ಅಪ್ಪ ಎಕ್ಸಲೇಟರ್ ಒತ್ತಿದಷ್ಟೂ ಅದರ ದನಿ ಏರುತ್ತಿತ್ತು.

ನಾನು ಆಗ ಆರನೇ ಕ್ಲಾಸು, ಸವಿತಕ್ಕ ಒಂಬತ್ತು. ಬೇಸಿಗೆ ರಜೆಯಲ್ಲಿ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತು ನಾವೊಂದು ಆಟ ಆಡುತ್ತಿದ್ದೆವು. ಹಾಡು ಶುರುವಾಗುವ ಮೊದಲಿನ ವಾದ್ಯ ಕೇಳಿಯೇ ಅದು ಯಾವ ಹಾಡೆಂದು ಹೇಳಬೇಕು. ಯಾವಾಗಲೂ ಅಕ್ಕನೇ ಗೆಲ್ಲುತ್ತಿದ್ದವಳು. ಆ ಬೇಸಿಗೆಯಲ್ಲಿ ನಾನು ಗೆಲ್ಲತೊಡಗಿದೆ.

“ನೀನು ಮೊಬೈಲ್ ನೋಡಿ ಹೇಳ್ತೀಯೆ,” ಅಂತ ಅಕ್ಕ ಜಗಳಕ್ಕೆ ಬಂದಳು.

“ಇಲ್ಲ ಮಾರಾಯ್ತಿ, ಕೊಳಲು ಕೇಳಿದ ಕೂಡ್ಲೆ ಗೊತ್ತಾಯ್ತು!”

“ಕೊಳಲೆಲ್ಲಿ ಬಂತು? ಈ ಸೆಟ್ಟಲ್ಲಿ ಎಂತದೂ ಸರಿ ಕೇಳಲ್ಲ.”

ಆ ವರ್ಷ ಮೇ ಕೊನೆಗೆ ತೀರ್ಥಹಳ್ಳಿಯಲ್ಲಿ ನಮ್ಮ ಅತ್ತೆಯ ಮದುವೆ. ಅಲ್ಲಿ ಅಕ್ಕ ಹಾಡಬೇಕೆಂದು ಎಲ್ಲರೂ ಹೇಳಿದ್ದರು. ಅವಳು ವ್ಯಾನಿನಲ್ಲಿ ಕೂತು ಒಂದು ಭಾವಗೀತೆಯನ್ನು ಮತ್ತೆ ಮತ್ತೆ ಕೇಳಿ ಕಲಿಯುತ್ತಿದ್ದಳು. ಅದರಲ್ಲಿ ದೀಪದ ಸಾಲು ಎಂದು ಬರುವಲ್ಲಿ ಅವಳು ‘ದೀಪದ ಹಾಲು’ ಎಂದು ಹಾಡಿದಾಗ, ಹಪ್ಪಳ ಲಟ್ಟಿಸುತ್ತಿದ್ದ ಅಮ್ಮ ಜಗಲಿಯಿಂದಲೇ ನಕ್ಕರು.

“ದೀಪಕ್ಕೆ ಎಣ್ಣೆ ಹಾಕ್ತಾರೆ ಕಣೆ, ಹಾಲಲ್ಲ!”

“ನಂಗೆ ಹಂಗೇ ಕೇಳ್ತದಮ್ಮ. ಆ ಸೆಟ್ಟು ಸರಿ ಇಲ್ಲ,” ಅಂದಳು ಅಕ್ಕ. ಅವಳ ಕಣ್ಣಲ್ಲಿ ನೀರಿತ್ತು.

ಅಪ್ಪ ಅದನ್ನು ಬಹಳ ಮನಸ್ಸಿಗೆ ಹಚ್ಚಿಕೊಂಡರು. ಮನೆಯಲ್ಲಿ ಹಾಡು ಬಲ್ಲವಳು ಅವಳೊಬ್ಬಳೇ. “ನಮ್ ಸವಿತಂದು ಕಿವಿ ಅಂದ್ರೆ ಕಿವಿ. ನಮಗೆಲ್ಲ ಗೊತ್ತಾಗದ್ದು ಅದಕ್ಕೆ ಗೊತ್ತಾಗ್ತದೆ,” ಎಂದು ಬಾಡಿಗೆಯವರ ಎದುರೂ ಹೇಳುತ್ತಿದ್ದರು. ವ್ಯಾನನ್ನು ಹಲಸಿನ ಮರದ ನೆರಳಿಗೆ ನಿಲ್ಲಿಸಿಕೊಂಡು ಒಂದೊಂದೇ ಪ್ರಯೋಗ ಶುರುಮಾಡಿದರು. ಮೊಬೈಲನ್ನು ಚಾರ್ಜಿಗೆ ಹಾಕಿಕೊಂಡು ಹಾಡು ಹಾಕಿದರೆ ಕುಂಯ್ ಸದ್ದು ಹೆಚ್ಚು; ಚಾರ್ಜರ್ ಕಿತ್ತರೆ ಅರ್ಧ ಕಡಿಮೆ ಎಂದು ಗೊತ್ತಾದ ದಿನ ಅವರು ಮಕ್ಕಳಂತೆ ಕೂಗಿಕೊಂಡರು. ಆಮೇಲೆ ಮೊಬೈಲಿನ ವಾಲ್ಯೂಮು ಏರಿಸಿ ಸೆಟ್ಟಿನದ್ದು ಇಳಿಸಿದರು, ‘ಸುಂಯ್’ ಎನ್ನುವ ಗಾಳಿ ಸದ್ದು ಹೋಯಿತು. ಅಂಗಡಿಯವನು ತುಂಬಿದ ಹಾಡುಗಳೇ ಕಳಪೆ ಎಂದು ಜಗಳವಾಡಿ ಬೇರೆ ತುಂಬಿಸಿಕೊಂಡು ಬಂದರು. ಪ್ರತಿ ಸಲವೂ ಹಿಂದೆ ತಿರುಗಿ ಕೇಳುತ್ತಿದ್ದರು, “ಈಗ ಹೆಂಗೆ ಸವಿತಾ?”

“ಅಡ್ಡಿಲ್ಲಪ್ಪ,” ಅನ್ನುತ್ತಿದ್ದಳು ಅಕ್ಕ. ಸ್ವಲ್ಪ ತಡೆದು, “ಮಾತು ಮಾತ್ರ ಮಬ್ಬು.”

ಕೊನೆಗೆ ಅಪ್ಪ ನಮ್ಮಿಬ್ಬರನ್ನೂ ಕೂರಿಸಿಕೊಂಡು ಸಾಗರಕ್ಕೇ ಹೊರಟರು. ಬಟ್ಟೆಮಲ್ಲಪ್ಪ ಎಂಬ ಊರು ದಾಟುವವರೆಗೂ ಅಕ್ಕ ಸಂಭ್ರಮದಿಂದ ಮಾತಾಡುತ್ತಲೇ ಇದ್ದಳು. ಹೊಸ ಸೆಟ್ಟು ಬಂದ ಮೇಲೆ ಆ ಹಾಡನ್ನು ಎರಡೇ ದಿನದಲ್ಲಿ ಕಲಿತುಬಿಡುತ್ತೇನೆ ಅಂದಳು.

ಸಾಗರದಲ್ಲಿ ಕಾರಿನ ಸ್ಟೀರಿಯೋ ಕೂರಿಸುವ ನಜೀರಣ್ಣ ಅಪ್ಪನ ಹಳೆಯ ಗೆಳೆಯ. ಮಧ್ಯಾಹ್ನದವರೆಗೂ ವ್ಯಾನಿನೊಳಗೆ ತಲೆ ಹಾಕಿ ಮಲಗಿದ್ದರು. ಮೊಬೈಲಿನ ವೈರು ನೇರವಾಗಿ ಚುಚ್ಚುವ ತೂತಿದ್ದ ಹೊಸ ಸೆಟ್ಟು ಕೂರಿಸಿ, ವೈರಿನ ನಡುವೆ ಸದ್ದು ತಡೆಯುವ ಸಣ್ಣ ಡಬ್ಬಿಯೊಂದನ್ನು ಸೇರಿಸಿ, ಹರಿದಿದ್ದ ಸ್ಪೀಕರುಗಳನ್ನು ಬದಲಿಸಿದರು. ಬೆಸುಗೆ ಹಾಕುವಾಗ ಏಳುವ ಆ ಹೊಗೆಯ ವಾಸನೆ ಈಗ ಎಲ್ಲಿ ಬಂದರೂ ನಾನು ಅಲ್ಲಿಂದ ಎದ್ದು ಹೋಗುತ್ತೇನೆ.

“ಬನ್ರೋ ಮಕ್ಳೆ, ಕೂತ್ಕಳಿ,” ಎಂದು ಕರೆದು ನಜೀರಣ್ಣ ಹಾಡು ಹಾಕಿದರು. ಅಪ್ಪ ಇಂಜಿನ್ ಚಾಲೂ ಮಾಡಿ ಎಕ್ಸಲೇಟರ್ ಒತ್ತಿದರು. ಕುಂಯ್ ಸದ್ದು ಇರಲೇ ಇಲ್ಲ. ಹಾಡುವವಳು ಪಕ್ಕದಲ್ಲೇ ಕೂತಂತೆ, ಅವಳು ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ನಾನು ಕುಣಿದಾಡಿಬಿಟ್ಟೆ.

“ಅಕ್ಕಾ, ಹಿಂದೆ ಗೆಜ್ಜೆ ಸದ್ದು ಇದೆ ನೋಡೆ! ಇಷ್ಟ್ ದಿನ ಗೊತ್ತೇ ಆಗಿರ್ಲಿಲ್ಲ!”

ಅಕ್ಕ ನನ್ನ ಮುಖ ನೋಡಿದಳು. “ಯಾವ ಗೆಜ್ಜೆ?”

ಅಪ್ಪ ಹಾಡನ್ನು ಮತ್ತೆ ಮೊದಲಿನಿಂದ ಹಾಕಿದರು. “ಈಗ, ಈಗ ಬಂತು ನೋಡು... ಕೇಳ್ತಾ?”

ಅಕ್ಕ ಕಿವಿಯನ್ನು ಸ್ಪೀಕರಿಗೆ ಆನಿಸಿದಳು. “ಜೋರಾಗಿ ಬರ್ತಿದೆಯಪ್ಪ. ಗೆಜ್ಜೆ ಇಲ್ಲ.”

ಅಪ್ಪ ಮತ್ತೆ ಹಾಕಿದರು. ಮತ್ತೆ. ಅಕ್ಕ ಹಾಡು ಕೇಳುವುದನ್ನು ಬಿಟ್ಟು ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದಳು. ನಜೀರಣ್ಣ ಮೆಲ್ಲಗೆ ಕೈ ಚಾಚಿ ಸೆಟ್ಟು ಆರಿಸಿದರು. ಮನೆಗೆ ಬರುವ ದಾರಿಯಲ್ಲಿ ಅಪ್ಪ ಒಂದು ಹಾಡನ್ನೂ ಹಾಕಲಿಲ್ಲ.

ಮರುವಾರ ಶಿವಮೊಗ್ಗದ ಡಾಕ್ಟರು ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿಯ ನರ ಸೋಲುತ್ತಿದೆ, ಸಣ್ಣ ಚೂಪು ಸದ್ದುಗಳು ಮೊದಲು ಹೋಗುತ್ತವೆ, ಉಳಿದದ್ದೂ ನಿಧಾನಕ್ಕೆ ಹೋಗಬಹುದು ಅಂದರು. ಅಪ್ಪ ಹೊರಗೆ ಬಂದು ಅಮ್ಮನಿಗೆ ಫೋನು ಮಾಡಿ, “ಸೆಟ್ಟಿಂದು ತಪ್ಪಲ್ಲ ಕಣೆ...” ಅಂದು ಫೋನು ಇಟ್ಟುಬಿಟ್ಟರು.

ಮದುವೆಯಲ್ಲಿ ಅಕ್ಕ ಹಾಡಿದಳು. ಹಟ ಹಿಡಿದು ಹಾಡಿದಳು. ಅಮ್ಮನನ್ನು ಎದುರು ಕೂರಿಸಿಕೊಂಡು, ಅವರ ತುಟಿ ನೋಡಿ ಒಂದೊಂದು ಶಬ್ದವನ್ನೂ ತಿದ್ದಿಕೊಂಡಿದ್ದಳು. ಬಾಯಿ ನೋಡಿ ಮಾತು ತಿಳಿಯುವುದನ್ನು ಅವಳು ಕಲಿತದ್ದು ಹಾಗೆ. ಜನ ಚಪ್ಪಾಳೆ ತಟ್ಟಿದರು. ಅಪ್ಪ ಮಾತ್ರ ಅಡುಗೆಯವರ ಕಡೆಗೆ ಹೋಗಿ ನಿಂತುಕೊಂಡಿದ್ದರು.

ಆಮೇಲೆ ಅಪ್ಪ ಸೆಟ್ಟಿನ ಬೇಸ್ ಪೂರ್ತಿ ಇಳಿಸಿ, ಚೂಪು ದನಿಯನ್ನು ಏರಿಸುವಷ್ಟೂ ಏರಿಸಿದರು. ಹಾಗೆ ಮಾಡಿದರೆ ಅಕ್ಕನಿಗೆ ಮಾತು ಒಂದಿಷ್ಟು ತಿಳಿಯುತ್ತಿತ್ತು. ನಮಗೆ ತಗಡು ಕೆರೆದ ಹಾಗೆ. “ಎಂತ ಮಾರಾಯ, ಕಿವಿ ಚುಚ್ತದೆ,” ಎಂದು ಬಾಡಿಗೆಯವರು ಬೈದರೂ ಅಪ್ಪ, “ಹಂಗೇ ಇರ್ಲಿ,” ಎನ್ನುತ್ತಿದ್ದರು. ಅಕ್ಕ ಕಾಲೇಜು ಸೇರಿದ ವರ್ಷ, ಒಂದು ದಿನ ಮುಂದಿನ ಸೀಟಿನಲ್ಲಿ ಕೂತವಳು ತಾನೇ ಕೈ ಚಾಚಿ ಅದನ್ನು ಸರಿಯಾಗಿ ತಿರುಗಿಸಿಟ್ಟಳು. “ಸಾಕಪ್ಪ. ಇನ್ನು ನಿಮಗೆ ಬೇಕಾದಂಗೆ ಕೇಳ್ಕಳಿ.” ಅಪ್ಪ ಗಾಡಿಯನ್ನು ಬದಿಗೆ ನಿಲ್ಲಿಸಿ, ಸ್ಟೇರಿಂಗಿಗೆ ಹಣೆ ಕೊಟ್ಟು ಅತ್ತರು. ನಾನು ಅಪ್ಪ ಅತ್ತದ್ದನ್ನು ನೋಡಿದ್ದು ಅದೊಂದೇ ಸಲ.

ಈಗ ಅಕ್ಕ ತೀರ್ಥಹಳ್ಳಿಯಲ್ಲಿದ್ದಾಳೆ. ಇಂಜಿನಿಯರೊಬ್ಬರ ಆಫೀಸಿನಲ್ಲಿ ಮನೆಗಳ ನಕ್ಷೆ ಬಿಡಿಸುತ್ತಾಳೆ, ಗಂಡ ಮಗನ ಜೊತೆ ಚೆನ್ನಾಗಿದ್ದಾಳೆ. ಕಿವಿಗೆ ಮಿಷನ್ನಿದೆ, ಆದರೆ ಅವಳು ನಂಬುವುದು ಕಣ್ಣನ್ನೇ. ಅವಳನ್ನು ಹಿಂದಿನಿಂದ ಕರೆಯುವಂತಿಲ್ಲ. ಎದುರು ಹೋಗಿ ನಿಂತು ಮಾತಾಡಬೇಕು. ಚಿಕ್ಕಂದಿನಲ್ಲಿ ನಮ್ಮ ಗುಟ್ಟಿನ ಮಾತುಗಳೆಲ್ಲ ಶುರುವಾಗುತ್ತಿದ್ದದ್ದು ಕರೆಂಟು ಹೋದಾಗ. ಪುಸ್ತಕ ಮುಚ್ಚಿ, ಒಬ್ಬರಿಗೊಬ್ಬರು ಕಾಣದ ಧೈರ್ಯದಲ್ಲಿ ಏನು ಬೇಕಾದರೂ ಹೇಳಿಕೊಳ್ಳುತ್ತಿದ್ದೆವು.

ಹೋದ ತಿಂಗಳು ಅವಳ ಮನೆಗೆ ಹೋಗಿದ್ದೆ. ನನ್ನದೊಂದು ಕಷ್ಟ ಹೇಳಿಕೊಳ್ಳಬೇಕಿತ್ತು. ಸಂಜೆ ಹೇಗೋ ಬಾಯಿ ತೆರೆದೆ, ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಲ್ಲಿ ಮಾತು ತಾನಾಗಿಯೇ ಬಂತು; ನಾಲ್ಕು ವಾಕ್ಯ ಹೇಳಿಯೂ ಆಗಿತ್ತು.

“ಚೇತೂ, ತಡಿ, ಮೊಬೈಲ್ ಹುಡುಕ್ತಿದ್ದೀನಿ,” ಎಂಬ ಅಕ್ಕನ ದನಿ ಅತ್ತಲಿಂದ ಕೇಳಿತು. ನಾನು ಹೇಳಿದ್ದು ಯಾವುದೂ ಅವಳಿಗೆ ಮುಟ್ಟಿರಲಿಲ್ಲ.

ಅವಳು ಬಂದು ಎದುರು ಕೂತು, ಮೊಬೈಲಿನ ಟಾರ್ಚನ್ನು ನನ್ನ ಬಾಯಿಯ ಮೇಲೆ ಹಿಡಿದು, “ಹ್ಞಾ, ಈಗ ಹೇಳು,” ಅಂದಳು.

ಆ ಬೆಳಕಿನಲ್ಲಿ ನನಗೆ ಹೇಳಲಾಗಲಿಲ್ಲ.