ಲಾಟ್ ಸಾಹೇಬರ ಕಿವಿಗೆ ಬೀಳದ ಮಾತು

ಇಮಾಮಕಾಕಾ, ಲಾಟ್ ಸಾಹೇಬರು ನಿಮ್ಮ ಅಹವಾಲನ್ನು ತಳ್ಳಿಹಾಕಲಿಲ್ಲ. ಅದು ಅವರ ಕಿವಿಗೆ ಬೀಳಲೇ ಇಲ್ಲ — ನಾನು ಬೀಳಗೊಡಲಿಲ್ಲ. ನೀವು ಮಣ್ಣು ಸೇರಿ ಇಷ್ಟು ಕಾಲವಾದ ಮೇಲೆ, ಎದುರು ನಿಂತು ಬಯ್ಯುವವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಇದನ್ನು ಹೇಳುತ್ತಿದ್ದೇನೆ. ನನ್ನ ಧೈರ್ಯ ಯಾವತ್ತೂ ಇಷ್ಟೇ.

ದುರ್ಗದಬೈಲಿನ ನಿಮ್ಮ ಅಂಗಡಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತ ನೀವು ಆ ಸಾಹೇಬರ ಕಥೆಯನ್ನು ಕಂಡಕಂಡ ಗಿರಾಕಿಗೆಲ್ಲ ಹೇಳುತ್ತಿದ್ದಿರಿ. ಮೊದಲ ಮಹಾಯುದ್ಧದಲ್ಲಿ ಅವರಿನ್ನೂ ಎಳೆಯ ಕ್ಯಾಪ್ಟನ್, ನೀವು ಅವರ ಪಲ್ಟನ್ನಿನ ಸಿಪಾಯಿ. ಮರಳುಗಾಡಿನಲ್ಲಿ ಅವರ ತೊಡೆಗೆ ಗುಂಡು ಬಿದ್ದಾಗ ನೀವು ಹೆಗಲ ಮೇಲೆ ಹೊತ್ತು ತಂದಿರಿ. ಆಮೇಲೆ ಅವರು ಮೇಜರ್ ಆದರು, ಜನರಲ್ ಆದರು — ಅವರ ಪ್ರತಿ ಬಡ್ತಿಯೂ ನಿಮ್ಮ ಮನೆಯ ಹಬ್ಬ. ನಮ್ಮ ಪ್ರಾಂತಕ್ಕೇ ಗವರ್ನರಾಗಿ, ಲಾಟ್ ಸಾಹೇಬರಾಗಿ ಬಂದಾಗಲಂತೂ ನಿಮ್ಮ ಕಮರಿಪೇಟೆಯ ಓಣಿಗೆಲ್ಲ ಸಕ್ಕರೆ ಹಂಚಿದಿರಿ.

ಅದೇ ಹೊತ್ತಿಗೆ ನಿಮ್ಮ ಮಗ ಖಾದರ್ ಸ್ವಾತಂತ್ರ್ಯ ಚಳವಳಿಯಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿ ಜೈಲು ಸೇರಿದ. ಅಲ್ಲಿ ರಕ್ತ ಕಾರತೊಡಗಿದ. ಸಾಹೇಬರು ಧಾರವಾಡಕ್ಕೆ ಬಂದು ದರಬಾರು ನಡೆಸಿದಾಗ ನಾನು ಕಲೆಕ್ಟರ ಕಚೇರಿಯ ದುಭಾಷಿ. ಹಳೆಯ ಸಿಪಾಯಿಗಳ ಸಾಲಿನಲ್ಲಿ ನೀವು ನಿಂತಿದ್ದಿರಿ. ಪಲ್ಟನ್ನಿನಲ್ಲಿ ನೀವಿಬ್ಬರೂ ಹಿಂದುಸ್ತಾನಿಯಲ್ಲೇ ಮಾತಾಡಿದವರು. ಅವತ್ತೂ ನೇರ ಮಾತಾಡಿದ್ದರೆ —

ನಾನೇ ತಡೆದೆ. "ಸಾಹೇಬ್ರ ಕೂಡ ನೇರ ಮಾತಾಡೂದು ರಿವಾಜ ಅಲ್ರಿ ಕಾಕಾ. ಕನ್ನಡದಾಗ ಹೇಳ್ರಿ, ನಾ ತಿಳಿಸಿ ಹೇಳತೇನಿ." ರಿವಾಜು ಎಂದರೆ ಸಿಪಾಯಿ ಮೀರುವುದಿಲ್ಲ. ಅದು ಗೊತ್ತಿದ್ದೇ ಹೇಳಿದೆ. ಚಳವಳಿಯವರ ಮಾತು ಗವರ್ನರ ಮುಂದೆ ಬರಕೂಡದೆಂದು ಕಲೆಕ್ಟರು ಬೆಳಿಗ್ಗೆಯೇ ನನಗೆ ತಾಕೀತು ಮಾಡಿದ್ದರು.

ನೀವು ಸೆಲ್ಯೂಟ್ ಹೊಡೆದು ಸಾಹೇಬರ ಮುಖವನ್ನೇ ನೋಡುತ್ತ ಹೇಳಿದಿರಿ: "ನಿಮ್ಮನ್ನ ಅವತ್ತ ಹೊತ್ತಾಂವ ನಾನರಿ. ನನ್ನ ಮಗಾ ಜೇಲಿನ್ಯಾಗ ಸಾಯಾಕತ್ತಾನ. ಮನಿಗೆ ಕಳಸ್ರಿ, ನನ್ನ ತೊಡಿ ಮ್ಯಾಲರ ಸಾಯಲಿ."

ಕಲೆಕ್ಟರು ನನ್ನತ್ತ ನೋಡಿದರು. ನಾನು ಇಂಗ್ಲಿಷಿನಲ್ಲಿ ಅಂದೆ — ಹಳೆಯ ಸಿಪಾಯಿ, ಸಲಾಮು ಹೇಳಲು ಬಂದಿದ್ದಾನೆ. ಸಾಹೇಬರು ನಿಮ್ಮ ಭುಜದ ಮೇಲೆ ಕೈಯಿಟ್ಟರು. ಇವನಿಗೆ ಏನಾದರೂ ಬೇಕೇ ಎಂದು ಕೇಳಿದರು. ಕೇಳಿದರು, ಕಾಕಾ! ಏನೂ ಬೇಡವಂತೆ ಎಂದೆ. ನಿಮ್ಮ ಕಡೆ ತಿರುಗಿ, "ಕಾಯ್ದೆ ಅಡ್ಡ ಬರತೈತಂತ್ರಿ, ಆಗೂದಿಲ್ಲಂತ" ಎಂದೆ.

ಖಾದರ್ ಜೈಲಿನಲ್ಲೇ ಸತ್ತ. ಮಣ್ಣಿಗೆ ನಾನೂ ಬಂದಿದ್ದೆ — ನಾಚಿಕೆಯೆಂಬುದು ಇದ್ದಿದ್ದರೆ ಬರುತ್ತಿದ್ದೆನೇ? ಕಬರಸ್ತಾನದ ಬಾಗಿಲಲ್ಲಿ ನೀವು ನನ್ನ ಕೈ ಹಿಡಿದಿರಿ.

"ರಾಯರ, ಖರೇ ಹೇಳ್ರಿ. ಸಾಹೇಬ ನನ್ನ ಗುರುತ ಹಿಡದಿದ್ನೇನು?"

ನಿಮಗಿಷ್ಟು ಸಮಾಧಾನವಾಗಲಿ ಎಂದುಕೊಂಡೆ, ದಡ್ಡ ನಾನು. "ಹಿಡದಿದ್ರರಿ ಕಾಕಾ. ಛಲೋತ್ನಂಗ ಹಿಡದಿದ್ರು."

"ಗುರುತ ಹಿಡದೂ..." ಎಂದು ನೀವು ಕೈ ಬಿಟ್ಟಿರಿ.

ಆಮೇಲೆ ನೀವು ಆ ಕಥೆ ಹೇಳಲಿಲ್ಲ. ಯಾರಾದರೂ ಕೇಳಿದರೆ ಕುಲುಮೆಯ ತಿದಿ ಜೋರಾಗಿ ಒತ್ತುತ್ತಿದ್ದಿರಿ. ಧಾರವಾಡದ ಕಚೇರಿಗೆ ರೈಲು ಹಿಡಿಯಲು ನಾನು ದಿನಾ ನಿಮ್ಮ ಅಂಗಡಿಯ ಮುಂದೆಯೇ ಹೋಗುತ್ತಿದ್ದೆ. ಒಂದು ದಿನ ನಿಂತು ನಿಜ ಹೇಳಬಹುದಿತ್ತು. ನೀವು ಬದುಕಿರುವವರೆಗೂ ಹೇಳಲಿಲ್ಲ. ನಿಮ್ಮ ಮಗನನ್ನು ಜೈಲು ಕೊಂದಿತು. ನೀವು ಹೊತ್ತು ಬದುಕಿಸಿದ ಆ ಮನುಷ್ಯನನ್ನು ನಿಮ್ಮ ಎದೆಯಲ್ಲಿ ಕೊಂದವನು ನಾನು. ಕ್ಷಮೆ ಕೇಳುತ್ತಿಲ್ಲ.