ಗಣಪಿಗೆ ಹೇಳದೇ ಬಿಟ್ಟ ನಾಲ್ಕು ದಿನ

ಓಡೋಕೆ ಬೂಟು ಬೇಕು ಅಂತಲೇ ಗೊತ್ತಿಲ್ಲದ ಕಾಲ ಅದು. ಚೌತಿ ಮುಗಿದು ಮಳೆ ಸ್ವಲ್ಪ ಸಡಿಲ ಆಯ್ತು ಅಂದ್ರೆ ನಮ್ಮ ಕುಮಟೆ ಕಡೆ ಶಾಲೆಗಳಲ್ಲಿ ಸ್ಪೋರ್ಟ್ಸ್ ಗಲಾಟೆ ಶುರು. ಮೈದಾನ ಪೂರ್ತಿ ಕೆಸರು. ಹಂಗಾಗಿ ಪಿ.ಟಿ. ಮಾಸ್ತರು ಓಡೋರನ್ನೆಲ್ಲ ಸಮುದ್ರದಂಡೆಗೆ ಅಟ್ಟೋರು. ಬರಿಗಾಲು, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸ್ಕೊಂಡ್ರೆ ಆತು. ಅಷ್ಟೇ ತಯಾರಿ.

ಎಂಟನೇ ಕ್ಲಾಸಲ್ಲಿ ಎಂಟುನೂರು ಮೀಟರಿಗೆ ಇಬ್ಬರನ್ನ ಆರಿಸಿದ್ರು. ನಾನು, ಮತ್ತೆ ನನ್ನ ಬೆಂಚಲ್ಲೇ ಕೂರ್ತಿದ್ದ ಗಣಪಿ. ಇಬ್ಬರೂ ಅಲ್ಲೀವರೆಗೆ ಕುಂಟಬಿಲ್ಲೆ ಬಿಟ್ಟು ಬೇರೆ ಆಟ ಆಡಿದವರಲ್ಲ. ಅವಳ ಮನೆಯವರು ದಂಡೆ ಹಿಂದಿನ ಮರಳುಗದ್ದೆಯಲ್ಲಿ ತರಕಾರಿ ಬೆಳೀತಿದ್ರು. ಬೆಳಿಗ್ಗೆ ಅವ್ವಿ ಜೊತೆ ತಲೆ ಮೇಲೆ ಬುಟ್ಟಿ ಹೊತ್ತು ಕುಮಟೆ ಪೇಟೆಗೆ ನಡೆದುಹೋಗಿ, ಮಾರಿ, ಅಲ್ಲಿಂದ ಶಾಲೆಗೆ ಬರೋಳು. ಅವಳ ಪಕ್ಕ ಕೂತ್ರೆ ಒದ್ದೆ ಹರಿವೆ ಸೊಪ್ಪಿನ ವಾಸನೆ.

ಸಂಜೆ ಗಾಳಿಮರದ ತೋಪಿಂದ ಹೊಳೆ ಬಾಯಿವರೆಗೆ ಓಡಿ ವಾಪಸ್. ಒಣಗೋಕೆ ಹಾಕಿದ ಮೀನಿನ ನಾತ, ಕಾಲಡಿಗೆ ಓಡೋ ಏಡಿಗಳು. ಗಣಪಿ ಯಾವಾಗ್ಲೂ ಮುಂದೆ, ನಾನು ಅವಳ ಹಿಮ್ಮಡಿ ನೋಡ್ತಾ ಹಿಂದೆ. ಮುಗಿದ ಮೇಲೆ ಮಗುಚಿ ಹಾಕಿದ ದೋಣಿ ಮೇಲೆ ಕೂತು, ಅವಳು ತಂದ ಮುಳ್ಳುಸೌತೆಗೆ ಉಪ್ಪು ಹಚ್ಚಿ ತಿನ್ನೋದು. ತಾಲೂಕಲ್ಲಿ ಮೊದಲೆರಡು ನಂಬರು ಬಂದೋರು ಜಿಲ್ಲೆಗೆ, ಕಾರವಾರಕ್ಕೆ ಹೋಗ್ತಾರೆ ಅಂತ ಮಾಸ್ತರು ಹೇಳಿದ್ರು. ಗಣಪಿ ಕುಮಟೆ ದಾಟಿದವಳೇ ಅಲ್ಲ.

"ಕಾರವಾರದಲ್ಲೂ ಇದೇ ಸಮುದ್ರನೇನೇ?"

"ಇನ್ನೆಂತ, ಬೇರೆ ಮಾಡಿಸಿ ಇಟ್ಟಿರ್ತಾರಾ?"

"ಹಂಗಾರೆ ಅಲ್ಲಿ ನಿಂತು ನಮ್ಮ ಅವ್ವಿಗೆ ಒಂದು ಕೂಗು ಹಾಕ್ತೆ" ಅಂತ ನಗೋಳು.

ಒಂದು ವಾರ ಆಗಿರ್ಬೇಕು, ನನ್ನ ಮೊಣಕಾಲ ಕೆಳಗೆ, ಮುಂದಿನ ಎಲುಬು ನೋಯೋಕೆ ಶುರು ಆಯ್ತು. ಬೆರಳಿಟ್ಟರೆ ಜೀವ ಹೋಗೋದು. ಮಾಸ್ತರಿಗೆ ಹೇಳೋ ಹಂಗಿಲ್ಲ. "ಕಾಲುನೋವು ಅನ್ನೋರು ಈಗ್ಲೇ ಮನೇಲಿರಿ, ಬೇರೆಯವರನ್ನ ಕರ್ಕೊಂಡು ಹೋಗ್ತೆ" ಅಂತ ಮೊದಲೇ ಗದರಿಸಿದ್ರು. ಅಜ್ಜಿ ನೋಡಿ, "ಕಾಲು ಕೇಳ್ತಾ ಉಂಟು ವಿಶ್ರಾಂತಿ, ನೀ ಎಂತಕ್ಕೆ ಕೊಡೂದಿಲ್ಲ?" ಅಂತ ಬೈದು ಮಲಗಿಸಿದ್ಲು. ಲಕ್ಕಿ ಸೊಪ್ಪು ಕುದಿಸಿದ ಬಿಸಿನೀರು ಹೊಯ್ದು, ಎಣ್ಣೆ ತಿಕ್ಕಿ, ನಾಲ್ಕು ದಿನ ಅಂಗಳ ದಾಟೋಕೆ ಬಿಡ್ಲಿಲ್ಲ. ಶಾಲೆಗೆ ಜ್ವರ ಅಂತ ಚೀಟಿ ಹೋಯ್ತು. ಐದನೇ ದಿನ ಎದ್ದು ಓಡಿದೆ. ನೋವು ಇರ್ಲಿಲ್ಲ.

ಅದೇ ಸಂಜೆ ಗಣಪಿ ದೋಣಿ ಮೇಲೆ ಕೂತು ಕಾಲು ಚಾಚಿದ್ಲು. ಅದೇ ಜಾಗ ಮುಟ್ಟಿ ತೋರಿಸಿದ್ಲು.

"ಇಲ್ಲಿ ಹರಿದು ತೆಗೆದಂಗೆ ಆಗ್ತದ್ಯೆ. ನಿಂಗೂ ನೋಯ್ತದೆ ಅಂದಿದ್ಯಲ್ಲ, ಹ್ಯಾಂಗೆ ವಾಸಿ ಆತು?"

ನಾನೆಂತ ಹೇಳ್ದೆ ಗೊತ್ತಾ?

"ಓಡಿ ಓಡಿಯೇ ಬಿಟ್ಟುಹೋತು ಮಾರಾಯ್ತಿ. ನಿಲ್ಸಿದ್ರೆ ಕಾಲು ಕಟ್ಕೊಳ್ತದೆ."

ಯಾಕೆ ಹಂಗೆ ಹೇಳ್ದೆ ಅಂತ ಈಗ ಸುಣ್ಣ ಬಳಿಯೋಕೆ ಹೋಗೂದಿಲ್ಲ. ಜ್ವರದ ಸುಳ್ಳು ಹೊರಗೆ ಬೀಳ್ತದೆ ಅನ್ನೋ ಹೆದರಿಕೆ ಇತ್ತು, ಹೌದು. ಅದಕ್ಕಿಂತ ಹೆಚ್ಚಾಗಿ, ಒಂದ್ಸಲನಾದ್ರೂ ಅವಳಿಗಿಂತ ಮುಂದೆ ಓಡೋ ಆಸೆ. ನಾಲ್ಕು ದಿನ ಮಲಗಿದ್ದೆ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಅವಳಿಗೆ ಮಲಗಿಸೋ ಅಜ್ಜಿ ಇರ್ಲಿಲ್ಲ ಬಿಡಿ, ಬುಟ್ಟಿಗೂ ರಜೆ ಇರ್ಲಿಲ್ಲ. ಆದ್ರೆ ಸಂಜೆ ಓಟ ಒಂದು ಬಿಡಬಹುದಿತ್ತು. ಅವಳು ಬಿಡ್ಲಿಲ್ಲ. ನನ್ನ ಮಾತು ನಂಬಿ ಹಲ್ಲು ಕಚ್ಚಿ ಇನ್ನೂ ಜಾಸ್ತಿ ಓಡಿದ್ಲು. ಸೊಂಟದ ಲಂಗ ಹಿಡ್ಕೊಂಡು ಕುಂಟೋದು ಕಂಡು, "ಎಂತದೆ, ಕುಂಟಬಿಲ್ಲೆ ಆಡ್ತಿದ್ಯಾ?" ಅಂತ ನಾನೇ ಹಾಸ್ಯ ಮಾಡಿದ್ದೆ. ಅವಳೂ ನಕ್ಕಿದ್ಲು.

ತಾಲೂಕು ಸ್ಪೋರ್ಟ್ಸ್ ದಿನ ಮೊದಲನೇ ಸುತ್ತಲ್ಲಿ ಗಣಪಿ ಎಲ್ಲರಿಗಿಂತ ಮುಂದೆ. ಎರಡನೇ ಸುತ್ತಿನ ತಿರುವಲ್ಲಿ ಒಂದೇ ಕಾಲಲ್ಲಿ ಹಾರೋಕೆ ಶುರು ಮಾಡಿದ್ಲು. ಆಮೇಲೆ ಕೂತೇಬಿಟ್ಲು. ನಾನು ಅವಳನ್ನ ದಾಟಿ ಹೋದೆ. ತಿರುಗಿ ನೋಡ್ಲಿಲ್ಲ. ಬಂದದ್ದು ಮೂರನೇ ನಂಬರು. ಕಾರವಾರಕ್ಕೆ ನಾನೂ ಹೋಗ್ಲಿಲ್ಲ.

"ಓಡಿದ್ದು ಸಾಕು, ಕಾಲು ಹೋದ್ರೆ ಬುಟ್ಟಿ ಹೊರೂದು ಯಾರು?" ಅಂದ್ಲಂತೆ ಅವ್ವಿ. ದೀಪಾವಳಿವರೆಗೂ ಗಣಪಿ ಕುಂಟಿದ್ಲು, ಆಮೇಲೆ ಸರಿ ಆಯ್ತು. ಮುಂದಿನ ವರ್ಷ ಮಾಸ್ತರು ಅವಳನ್ನೇ ಮೊದಲು ಕರೆದ್ರು. ಇಡೀ ಕ್ಲಾಸಿನ ಎದುರು ಎದ್ದು ನಿಂತು ಹೇಳಿದ್ಲು: "ನಂದು ಓಡೋ ಕಾಲಲ್ಲ ಸರ್. ಇವಳಿಗೆ ಓಡಿದ್ರೆ ನೋವು ಹೋತು, ನಂಗೆ ಹೆಚ್ಚಾತು." ನಾನು ಪುಸ್ತಕದಲ್ಲಿ ಮುಖ ಹುಗಿದು ಕೂತಿದ್ದೆ. ಸಂಜೆ ನಾನೊಬ್ಬಳೇ ದಂಡೆಗೆ ಹೋದೆ. ಎರಡು ದಿನ. ಮೂರನೇ ದಿನ ನಾನೂ ಬಿಟ್ಟೆ. ಮುಂದೆ ಯಾರೂ ಇಲ್ಲದೆ ಓಡೋಕೆ ಬರ್ತಿರ್ಲಿಲ್ಲ ನಂಗೆ.

ಈಗ ನಲವತ್ತಾರು. ಸಕ್ಕರೆ ಬಂತು. ಡಾಕ್ಟರು ನಡೀರಿ ಅಂದ್ರೆ ನಾನು ಹುರುಪಲ್ಲಿ ದುಬಾರಿ ಬೂಟು ತಂದು ಓಡೋಕೆ ಹೊರಟೆ. ಎರಡನೇ ವಾರಕ್ಕೆ ಅದೇ ಎಲುಬು, ಅದೇ ನೋವು. ಫಿಸಿಯೋ ಹುಡುಗಿ ಒತ್ತಿ ನೋಡಿ, "ಆಂಟಿ, ಹೊಸದಾಗಿ ಓಡೋರಿಗೆ ಇದು ಬರ್ತದೆ. ಮೊದಲು ಓಟ ನಿಲ್ಸಿ. ನೋವಲ್ಲೇ ಓಡಿದ್ರೆ ಎಲುಬೇ ಬಿರುಕು ಬಿಡಬಹುದು" ಅಂದ್ಲು. ನಂಗೆ ದೋಣಿ ಮೇಲೆ ಚಾಚಿದ ಗಣಪಿಯ ಕಾಲು ಕಂಡ್ತು.

ಅಲ್ಲಿಂದ ಸೀದಾ ಪೇಟೆಗೆ ಹೋದೆ. ಅವ್ವಿ ಕೂರ್ತಿದ್ದ ಜಾಗದಲ್ಲೇ ಈಗ ಗಣಪಿ ಸೊಪ್ಪು ಹರಡ್ಕೊಂಡು ಕೂತಿದ್ಲು. ತಲೆಗೂದಲು ನಂಗಿಂತ ಬೆಳ್ಳಗೆ. ನಾ ಕುಂಟೋದು ದೂರದಿಂದಲೇ ನೋಡಿದ್ಲು.

"ಎಂತ ಆತೇ ಕಾಲಿಗೆ?"

"ಓಡೋಕೆ ಹೋಗಿ ನೋವು ಮಾಡ್ಕೊಂಡೆ."

ಜೋರಾಗಿ ನಕ್ಕು, ಹರಿವೆ ಕಟ್ಟಿನ ಮೇಲೆ ನೀರು ಚಿಮುಕಿಸ್ತಾ ಹೇಳಿದ್ಲು: "ಅದಕ್ಕೆಂತ? ಓಡ್ತಾ ಇರು, ಬಿಡ್ತದೆ. ನೀನೇ ಹೇಳಿದ್ದಲ್ಲನೇ? ನಂಗೇ ತಾಳೋಕೆ ಆಗ್ಲಿಲ್ಲ. ಇನ್ನೊಂದು ನಾಲ್ಕು ದಿನ ಓಡಿದ್ರೆ ಸರಿ ಆಗ್ತಿತ್ತೇನೋ."

ಬಾಯಿ ತೆರೆದೆ. ಪಕ್ಕದ ಗಿರಾಕಿ ಬಸಳೆ ಹೆಂಗೆ ಅಂತ ಕೇಳಿದ್ರು. ಅವಳು ಅತ್ತ ತಿರುಗಿದ್ಲು.

ಎರಡು ಕಟ್ಟು ಹರಿವೆ ತಗೊಂಡು ಮನೆಗೆ ಬಂದೆ. ನಾವು ಓಡ್ತಿದ್ದ ದಂಡೆಯನ್ನ ಸಮುದ್ರ ಕೊರೆದು ತಿಂತು ಅಂತ ಈಗ ಅಲ್ಲಿ ಕಲ್ಲು ಸುರಿದು ತಡೆಗೋಡೆ ಮಾಡಿದ್ದಾರೆ, ಓಡೋಕೆ ಜಾಗ ಇಲ್ಲ, ದೋಣಿನೂ ಇಲ್ಲ. ಅದು ಹೋದದ್ದಕ್ಕೆ ಸಮುದ್ರವನ್ನ ಬೈಬಹುದು. ಗಣಪಿಯ ಓಟ ಹೋದದ್ದಕ್ಕೆ ಯಾರನ್ನ ಬೈಯೋದು ಅಂತ ನಂಗೆ ಗೊತ್ತು. ಅವಳಿಗೆ ಮಾತ್ರ ಗೊತ್ತಿಲ್ಲ. ಅವಳು ಇನ್ನೂ ತನ್ನ ಕಾಲನ್ನೇ ಬೈತಾ ಕೂತಿದ್ದಾಳೆ.